ಕೋಲಿನ್‌ಗೆ ಕೊಬ್ಬಿನ ಕವಚ: ಅಡಿಕೆ ಶೆಡ್ಡಿನಲ್ಲಿ ಮೂರು ವರ್ಷ

ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಹಸುವಿನ ಮೊದಲ ಹೊಟ್ಟೆ, ಅಂದರೆ ರೂಮೆನ್, ಅದರ ರಸದಲ್ಲಿ, 39 ಡಿಗ್ರಿಯಲ್ಲಿ, ಒಂದು ರಾತ್ರಿ ಪೂರ್ತಿ ನೆನೆದ ನನ್ನ ಕಾಳಿನಲ್ಲಿ ಬೆಳಿಗ್ಗೆ ಕೋಲಿನ್ ಹತ್ತರಲ್ಲಿ ಎಂಟು ಪಾಲು ಹಾಗೇ ಉಳಿದಿತ್ತು. ಅದೇ ಕಾಳನ್ನು ಆಮ್ಲಕ್ಕೆ, ಆಮೇಲೆ ಪಿತ್ತರಸ ಮತ್ತು ಪ್ಯಾಂಕ್ರಿಯಾಟಿನ್ (ಕರುಳಿನಲ್ಲಿ ಜೀರ್ಣ ಮಾಡುವ ಕಿಣ್ವ) ಹಾಕಿದ ನೀರಿಗೆ ಬಿಟ್ಟರೆ ಆರೇಳು ಗಂಟೆಯಲ್ಲಿ ಬಿಚ್ಚಿಕೊಂಡಿತು. ಬೇಕಾಗಿದ್ದದ್ದು ಅಷ್ಟೇ: ರೂಮೆನ್ ದಾಟಬೇಕು, ಕರುಳಿನಲ್ಲಿ ಬಿಚ್ಚಬೇಕು. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಅಡಿಕೆ ಶೆಡ್ಡಿನಲ್ಲಿ ಇದು ಆಗುವುದಿಲ್ಲ ಅಂತ ಹೇಳಿದವರು ಕಡಿಮೆ ಏನಲ್ಲ. "ಅದೆಲ್ಲ ದೊಡ್ಡ ಕಂಪನಿಯವರಿಗೆ ಮಾರಾಯ, ನೀನು ಹಿಂಡಿ ಮಾರು ಸಾಕು" ಅಂದವರೇ ಜಾಸ್ತಿ.

ಕರು ಹಾಕಿದ ಹಸುವಿನ ಲಿವರಿನಲ್ಲಿ ಕೊಬ್ಬು ಕಟ್ಟದ ಹಾಗೆ ನೋಡಿಕೊಳ್ಳಲು ಕೋಲಿನ್ ಅನ್ನುವ ಪೋಷಕಾಂಶ ಬೇಕು. ಸುಮ್ನೆ ಕೊಟ್ಟರೆ ರೂಮೆನ್‌ನ ಸೂಕ್ಷ್ಮಾಣುಗಳೇ ಅದನ್ನು ಹಾಳು ಮಾಡುತ್ತವೆ. ಅದಕ್ಕೇ ಈ ಕವಚ.

ಶುರು ಮಾಡಿದ್ದು ಕಡಲಪಾಚಿಯಿಂದ ತೆಗೆಯುವ ಅಂಟು, ಆಲ್ಜಿನೇಟ್‌ನಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ವಾ? ಶೇ. 2ರ ದ್ರಾವಣ, ಕ್ಯಾಲ್ಸಿಯಂ ಕ್ಲೋರೈಡ್ ನೀರು, ಒಂದು ಸಿರಿಂಜ್. ಸಾಬಕ್ಕಿ ಹಾಗೆ ಚೆಂದದ ಮಣಿ ಬಂತು. ಮಣಿ ಗಟ್ಟಿಯಾಗುವ ಹೊತ್ತಿಗೇ ಅರ್ಧ ಕೋಲಿನ್ ನೀರಿಗೆ ಹೋಗಿತ್ತು, ಅದು ಬೇರೆ ಮಾತು. ಉಳಿದದ್ದನ್ನು ರೂಮೆನ್ ರಸಕ್ಕೆ ಹಾಕಿದರೆ ಬೆಳಿಗ್ಗೆ ಗಂಜಿ! ಕಾರಣ ಹೊಳೆಯಲು ಎರಡು ತಿಂಗಳು ಬೇಕಾಯಿತು. ಹಸುವಿನ ಜೊಲ್ಲಿನಲ್ಲಿ ಫಾಸ್ಫೇಟ್ ಧಾರಾಳ ಇದೆ. ಅದು ಮಣಿಯೊಳಗಿನ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ, ಮಣಿ ಸಡಿಲವಾಗುತ್ತದೆ. ಆಲ್ಜಿನೇಟ್ ಆಮ್ಲದಲ್ಲಿ ಬಿಗಿ, ಆಮ್ಲ ಇಲ್ಲದ ಕಡೆ ಸಡಿಲ. ಮನುಷ್ಯನ ಹೊಟ್ಟೆಗೆ ಅದು ಸರಿ. ರೂಮೆನ್‌ನಲ್ಲಿ ಅಂಥ ಆಮ್ಲ ಇಲ್ಲ, ಹಾಗಾಗಿ ಹಸುವಿಗೆ ಪೂರ್ತಿ ಉಲ್ಟಾ.

ಆಮೇಲೆ ಕೊಬ್ಬಿನ ದಾರಿ ಹಿಡಿದೆ. ಸುಮಾರು ಒಂದು ಲಕ್ಷ ನಲವತ್ತು ಸಾವಿರ ಕೊಟ್ಟು ಹಳೆಯ ಕೋಟಿಂಗ್ ಪ್ಯಾನ್ (ಗುಳಿಗೆಗೆ ಕವಚ ಹಚ್ಚುವ ತಿರುಗುವ ಪಾತ್ರೆ) ತಂದೆ. ಜೀವನದಲ್ಲಿ ಮಾಡಿದ ಅತ್ಯಂತ ಕೆಟ್ಟ ವ್ಯಾಪಾರ ಅದು. ಕರಗಿದ ಸ್ಟಿಯರಿನ್ (ಗಟ್ಟಿ ಕೊಬ್ಬು) ನಾಝಲ್ಲಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಟ್ಟುತ್ತಿತ್ತು. ಪ್ಯಾನಿನೊಳಗೆ ಲಾಡು ಗಾತ್ರದ ಉಂಡೆಗಳು. ನಡುವೆ ಕರೆಂಟ್ ಹೋದರೆ ಇಡೀ ಬ್ಯಾಚು ಒಂದೇ ಬಂಡೆ. ಸುತ್ತಿಗೆ ಉಳಿ ಹಿಡಿದು ಒಡೆದಿದ್ದೇನೆ. ಕೊನೆಗೆ ಮಿಠಾಯಿ ಮಾಡುವವರೊಬ್ಬರು ಅದನ್ನು ಐವತ್ತೈದು ಸಾವಿರಕ್ಕೆ ತೆಗೆದುಕೊಂಡು ಹೋದರು.

ಆಗ ಮಾಡಿದ ಇನ್ನೊಂದು ತಪ್ಪು ಶೇ. 60ರ ಕೋಲಿನ್ ಪುಡಿ ಬಳಸಿದ್ದು. ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಅದು ಕೂತಿರುವುದು ಮೆಕ್ಕೆಜೋಳದ ದಿಂಡಿನ ಪುಡಿಯ ಮೇಲೆ. ಕವಚದಲ್ಲಿ ಒಂದು ಕಡೆ ಆ ನಾರು ಹೊರಗೆ ಇಣುಕಿದರೂ ಸಾಕು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಒಳಗೆ ಎಳೆಯುತ್ತದೆ. ಶುದ್ಧ ಹರಳನ್ನೇ ತರಬೇಕು. ಅದು ನಮ್ಮ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಕಣ್ಣೆದುರೇ ನೀರಾಗುತ್ತದೆ. ಹಾಗಾಗಿ ನಾನು ಡಿಸೆಂಬರಿನಿಂದ ಮಾರ್ಚ್ ತನಕ ಮಾತ್ರ ತಯಾರಿಸುವುದು. ಅದೂ ಎಸಿ ಹಾಕಿದ ಚಿಕ್ಕ ಕೋಣೆಯಲ್ಲಿ ಅರೆದು, ಬಿಸಿಯಾಗಿರುವಾಗಲೇ ಕೊಬ್ಬಿಗೆ ಸುರಿದು.

ಕೆಲಸ ಹಾದಿಗೆ ಬಂದದ್ದು ನಾಝಲ್ ಬಿಟ್ಟ ಮೇಲೆ. ಮಂಗಳೂರು ಬಂದರಿನ ಗುಜರಿಯಿಂದ ಒಂದು ಮೋಟಾರು ತಂದು, ಅದರ ತಲೆಗೆ ಸ್ಟೀಲ್ ತಟ್ಟೆ ಕೂರಿಸಿದೆ. ತಿರುಗುವ ತಟ್ಟೆಯ ನಡುವಿಗೆ ಕೊಬ್ಬು ಮತ್ತು ಕೋಲಿನ್‌ನ ಬಿಸಿ ಮಿಶ್ರಣ ಸಣ್ಣ ಧಾರೆಯಾಗಿ ಬೀಳುತ್ತದೆ. ಅಂಚಿನಿಂದ ಹನಿಹನಿಯಾಗಿ ಸಿಡಿದು, ತಣ್ಣಗಿನ ಗಾಳಿಯಲ್ಲಿ ಗಟ್ಟಿಯಾಗಿ, ಸಾಸಿವೆ ಕಾಳಿನ ಹಾಗೆ ಟಾರ್ಪಾಲಿನ ಮೇಲೆ ಉದುರುತ್ತದೆ. ಕಟ್ಟಿಕೊಳ್ಳುವ ಮಾತೇ ಇಲ್ಲ. ಮೊದಲ ದಿನ ಆ ಸದ್ದು ಕೇಳುತ್ತಾ ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ. ತಟ್ಟೆಯ ಅಂಚನ್ನು ಹೇಗೆ ಮಡಚಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ವರ್ಷ ಹೋಗಿದೆ.

ಕಾಳು ಬಂತು, ಆದರೆ ತೇಲಿತು. ತೇಲುವ ಕಾಳು ಮೆಲುಕಿನ ಜೊತೆ ಬಾಯಿಗೆ ವಾಪಸ್ ಬರುತ್ತದೆ, ಹಲ್ಲಿಗೆ ಸಿಕ್ಕಿ ಒಡೆಯುತ್ತದೆ. ಭಾರ ಬೇಕು. ನೂರಕ್ಕೆ ಇಪ್ಪತ್ತರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದೆ. ಬಿತ್ತನೆ ಭತ್ತಕ್ಕೆ ಮಾಡುವ ಹಾಗೆ ಉಪ್ಪುನೀರಿನಲ್ಲಿ ಪರೀಕ್ಷೆ ಮಾಡಿದೆ, ಮುಳುಗಿತು. ಇನ್ನೊಂದು ಲಾಭವೂ ಸಿಕ್ಕಿತು. ರೂಮೆನ್‌ನಲ್ಲಿ ಈ ಕಾರ್ಬೊನೇಟ್ ಹೆಚ್ಚೇನೂ ಕರಗುವುದಿಲ್ಲ. ನಾಲ್ಕನೇ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ, ಕವಚದಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ. ಮುಂದಿನ ಕೆಲಸ ಕರುಳಿನಲ್ಲಿ ಸಲೀಸು.

ಸೋರಿಕೆ ಹಿಡಿಯಲು ಲ್ಯಾಬಿಗೆ ಓಡಬೇಕಾಗಿಲ್ಲ. ರೂಮೆನ್ ಸೂಕ್ಷ್ಮಾಣುಗಳು ಕೋಲಿನ್ ಅನ್ನು ಟ್ರೈಮೀಥೈಲಮೀನ್ ಮಾಡುತ್ತವೆ. ಅದು ಒಣಮೀನಿನ ವಾಸನೆ. ಕಸಾಯಿಖಾನೆಯಿಂದ ಫ್ಲಾಸ್ಕಿನಲ್ಲಿ ರಸ ತಂದು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕಾಳು ಹಾಕಿ ರಾತ್ರಿ ಇಡುತ್ತೇನೆ. ಬೆಳಿಗ್ಗೆ ಒಂದು ಚಮಚ ರಸಕ್ಕೆ ಎಲೆಗೆ ಹಚ್ಚುವ ಸುಣ್ಣ ಒಂದು ಚಿಟಿಕೆ. ಸೋರಿದ್ದರೆ ವಾಸನೆ ಎದ್ದು ಮೂಗಿಗೆ ಹೊಡೆಯುತ್ತದೆ. ಪಕ್ಕದಲ್ಲಿ ಕಾಳು ಹಾಕದ ಒಂದು ಫ್ಲಾಸ್ಕ್, ಬರೀ ಕೋಲಿನ್ ಹಾಕಿದ ಒಂದು ಫ್ಲಾಸ್ಕ್ ಇಟ್ಟುಕೊಳ್ಳಿ. ಮೂರನ್ನೂ ಮೂಸಿದರೆ ಸಂಶಯ ಉಳಿಯುವುದಿಲ್ಲ. ಕೋಲಿನ್ ಪ್ರಮಾಣ ಶೇ. 40 ಇಟ್ಟಾಗ ಇಡೀ ಶೆಡ್ ಮೀನು ಮಾರ್ಕೆಟ್ ಆಗಿತ್ತು. ಶೇ. 25ಕ್ಕೆ ಇಳಿಸಿದ ಮೇಲೆ ವಾಸನೆ ಹೆಚ್ಚು ಕಡಿಮೆ ಇಲ್ಲ.

ನಡುವೆ ಬೇರೆ ಕೊಬ್ಬುಗಳನ್ನೂ ನೋಡಿದೆ. ತೆಂಗಿನೆಣ್ಣೆಗೆ ನಮ್ಮೂರಿನ ಸೆಕೆಯೇ ಸಾಕು, ಹಸುವಿನ ಹೊಟ್ಟೆ ಬೇಡ. ಪುನರ್ಪುಳಿ ಬೀಜದ ತುಪ್ಪದ ಮೇಲೆ ಬಹಳ ಆಸೆ ಇತ್ತು. ಅದು 40ರ ಆಸುಪಾಸಿನಲ್ಲಿ ಕರಗುತ್ತದೆ, ಹಾಗಾಗಿ ಒಂದು ಗಂಟೆಯಲ್ಲಿ ಮೆತ್ತಗಾಯಿತು. ಕಾರ್ನೋಬಾ ಮೇಣ ಸೇರಿಸಿದ ಬ್ಯಾಚು ರೂಮೆನ್ ಪರೀಕ್ಷೆಯಲ್ಲಿ ನೂರಕ್ಕೆ ನೂರು! ಖುಷಿಯಿಂದ ಹಸುವಿಗೆ ಕೊಟ್ಟೆ. ಮೂರನೇ ದಿನ ಸಗಣಿಯನ್ನು ಜರಡಿಯಲ್ಲಿ ತೊಳೆದರೆ ಕಾಳುಗಳು ಹೊಳೆಯುತ್ತಾ ಕೂತಿದ್ದವು. ಬಿಚ್ಚದ ಕವಚಕ್ಕೆ ದುಡ್ಡು ಹಾಕಿ ಏನು ಫಲ? ಆಮೇಲೆ ಕೊಬ್ಬನ್ನು ನೀರಿನ ಜೊತೆ ಬೆರೆಸುವ ಲೆಸಿಥಿನ್ ಸ್ವಲ್ಪ, ಇನ್ನೊಂದು ವಸ್ತು ಅತೀ ಸ್ವಲ್ಪ ಸೇರಿಸಿ ಸರಿಮಾಡಿದೆ. ಆ ಎರಡನೆಯದ್ದು ನನ್ನ ಹತ್ತಿರವೇ ಇರಲಿ.

ಅತ್ಯಂತ ನೋವು ಕೊಟ್ಟದ್ದು ಎರಡನೇ ವರ್ಷದ ಬ್ಯಾಚು. ಮಾಡಿದ ದಿನ ಪಾಸು, ಒಂದು ತಿಂಗಳು ಬಿಟ್ಟು ನೋಡಿದರೆ ಫೇಲು. ಮೂವತ್ತು ಕಿಲೋ ದಂಡ. ಬೇಗ ತಣಿದ ಕೊಬ್ಬಿನ ಹರಳು ಡಬ್ಬಿಯಲ್ಲಿ ಕೂತಲ್ಲೇ ರೂಪ ಬದಲಿಸುತ್ತದೆ, ಕವಚ ಬಿರಿಯುತ್ತದೆ. ಈಗ ಮಾಡಿದ ಕೂಡಲೇ ಕಾಳನ್ನು ಬೆಚ್ಚಗೆ ಇಟ್ಟು ಆ ಬದಲಾವಣೆಯನ್ನು ನಾನೇ ಮುಗಿಸಿಬಿಡುತ್ತೇನೆ. ಎಷ್ಟು ಡಿಗ್ರಿ, ಎಷ್ಟು ಗಂಟೆ ಅಂತ ಕೇಳಬೇಡಿ. ನಿಮ್ಮ ಕೊಬ್ಬಿಗೆ ನೀವೇ ಹುಡುಕಿಕೊಳ್ಳಬೇಕು.

ಬಾಯಾರಿನ ಭಾವನ ಕೊಟ್ಟಿಗೆಯಲ್ಲಿ ನಾಲ್ಕು ಜರ್ಸಿ ಮಿಶ್ರ ಹಸುಗಳಿಗೆ ಕರು ಹಾಕುವ ಮೂರು ವಾರ ಮೊದಲು ಶುರು ಮಾಡಿ, ಮೂರು ವಾರ ಆಮೇಲಿನ ತನಕ ದಿನಕ್ಕೆ 60 ಗ್ರಾಂ ಕೊಟ್ಟೆವು. ಮೊದಲ ವಾರ ಕೊಟ್ಟದ್ದೆಲ್ಲ ದಂಡ. ಅಕ್ಕ ಅದನ್ನು ಬಿಸಿ ಬಿಸಿ ಅಕ್ಕಚ್ಚಿಗೆ ಕಲಸುತ್ತಿದ್ದಳು! ಕವಚ ಅಲ್ಲೇ ಕರಗಿ ಹೋಗುತ್ತಿತ್ತು. "ನೀನು ಮೊದಲೇ ಹೇಳಬೇಕಿತ್ತಲ್ವಾ?" ಅಂದಳು. ಸರಿಯಾದ ಮಾತೇ. ತಣ್ಣಗಿನ ಹಿಂಡಿಯ ಮೇಲೆ ಉದುರಿಸಲು ಶುರು ಮಾಡಿದ ಮೇಲೆ ಹಿಂದಿನ ಸೂಲಿಗಿಂತ ದಿನಕ್ಕೆ ಒಂದೂವರೆ ಲೀಟರಿನಷ್ಟು ಹಾಲು ಜಾಸ್ತಿ ಬಂತು. ಹಿಂದಿನ ವರ್ಷ ಕೀಟೋಸಿಸ್ (ಕರು ಹಾಕಿದ ಮೇಲೆ ಮೈಕೊಬ್ಬು ವಿಪರೀತ ಕರಗಿ ಬರುವ ಕಾಯಿಲೆ) ಹಿಡಿಯುವ ಮೂತ್ರದ ಪರೀಕ್ಷೆಯಲ್ಲಿ ಕಡು ನೇರಳೆ ತೋರಿಸಿದ ಹಸು ಈ ಸಲ ಬಣ್ಣವನ್ನೇ ತೋರಿಸಲಿಲ್ಲ. ನಾಲ್ಕು ಹಸುವಿನ ಲೆಕ್ಕ ಇದು, ಅಷ್ಟೇ ಅಂತ ತಿಳಿದುಕೊಳ್ಳಿ. ನಮ್ಮ ಕಾಸರಗೋಡು ಗಿಡ್ಡ ಹಸುಗಳಿಗೆ ಇದು ಬೇಡವೇ ಬೇಡ. ಅವು ಕೊಡುವ ಹಾಲಿಗೆ ಲಿವರಿನ ಮೇಲೆ ಅಂಥ ಭಾರ ಬೀಳುವುದಿಲ್ಲ.

ಒಟ್ಟು ಖರ್ಚು ಮೂರೂಮುಕ್ಕಾಲು ಲಕ್ಷದ ಹತ್ತಿರ. ಈಗ ಕಿಲೋಗೆ ಸಾಮಾನು, ಕರೆಂಟು, ಕೂಲಿ ಸೇರಿ 240 ರೂಪಾಯಿ ಬೀಳುತ್ತದೆ. ನಾನು ಮೊದಲು ಹೊರಗಿನಿಂದ ತರಿಸುತ್ತಿದ್ದ ಮಾಲಿಗೆ ಇದರ ಎರಡೂವರೆ ಪಾಲು ಕೊಡುತ್ತಿದ್ದೆ. ಶೆಡ್ಡಿನಲ್ಲಿ ಆಗುವುದಿಲ್ಲ ಅಂದಿದ್ದ ದನದ ಡಾಕ್ಟ್ರೊಬ್ಬರು ಕಳೆದ ಫೆಬ್ರವರಿಯಲ್ಲಿ ಬಂದು ಮೂರು ಫ್ಲಾಸ್ಕನ್ನೂ ತಾವೇ ಮೂಸಿ ನೋಡಿದರು. ಐದು ಕಿಲೋ ದುಡ್ಡು ಕೊಟ್ಟೇ ತೆಗೆದುಕೊಂಡು ಹೋದರು. ಮೊನ್ನೆ ಫೋನ್ ಮಾಡಿ ಇನ್ನೂ ಹತ್ತು ಕಿಲೋ ಕೇಳಿದ್ದಾರೆ. ಡಿಸೆಂಬರ್ ತನಕ ಕಾಯಬೇಕು ಅಂದಿದ್ದೇನೆ.