ವಯಸ್ಕರ ಓದು-ಲೆಕ್ಕ ಅಳೆಯುವುದು ಹೇಗೆ: ಮನೆಪಟ್ಟಿಯಿಂದ ಅಂತಿಮ ಅಂಕಿಯವರೆಗೆ

ನಮ್ಮ ಜನಗಣತಿಯ ಪ್ರಕಾರ 7 ವರ್ಷ ಮತ್ತು ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು. ಯಾರನ್ನೂ ಓದಿಸಿ ನೋಡುವುದಿಲ್ಲ. ಮನೆಯಲ್ಲಿ ಸಿಕ್ಕವರು ಎಲ್ಲರ ಪರವಾಗಿ ಹೇಳಿದ್ದೇ ದಾಖಲೆ. 2011ರ ಸುಮಾರು 73% ಬಂದದ್ದೂ ಹೀಗೆಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರ ಸುತ್ತಿನಲ್ಲಿ ಒಂದು ವಾಕ್ಯದ ಕಾರ್ಡ್ ಕೊಟ್ಟು ಓದಿಸಿತು, ಆದರೆ 9ನೇ ತರಗತಿ ಮುಗಿಸದವರಿಗೆ ಮಾತ್ರ. ಕೇಂದ್ರ ಸರ್ಕಾರದ ವಯಸ್ಕರ ಶಿಕ್ಷಣದ ಉಲ್ಲಾಸ್ ಕಾರ್ಯಕ್ರಮದ 150 ಅಂಕದ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕ ಮೂರೂ ಇವೆ. ಅದಕ್ಕೆ ಕೂರುವವರು ಕಲಿಯಲು ಹೆಸರು ಕೊಟ್ಟವರು. ಇಡೀ ದೇಶದ ಸ್ಥಿತಿ ಅದರಿಂದ ತಿಳಿಯದು.

ಜನಸಂಖ್ಯೆಯ ಕೌಶಲವನ್ನೇ ಅಳೆಯಬೇಕೆಂದರೆ ನೋಡಬೇಕಾದದ್ದು ಒಇಸಿಡಿ ಎಂಬ ದೇಶಗಳ ಒಕ್ಕೂಟ ನಡೆಸುವ ವಯಸ್ಕರ ಕೌಶಲ ಸಮೀಕ್ಷೆ ಪಿಯಾಕ್. 16ರಿಂದ 65 ವರ್ಷದವರನ್ನು ಮನೆಗೇ ಹೋಗಿ ಪರೀಕ್ಷಿಸಿ 0–500ರ ಅಳತೆಪಟ್ಟಿಯಲ್ಲಿ ಇಡುತ್ತಾರೆ. ಅದರ ಕ್ರಮವನ್ನು ನಮ್ಮ ನೆಲಕ್ಕೆ ಹೊಂದಿಸಿಕೊಳ್ಳುವ ಬಗೆ ಹೀಗೆ.

ಎಷ್ಟು ಜನ? ±2% ತಪ್ಪಿನ ಅಂತರ ಸಾಕೆಂದರೆ ಸಂಖ್ಯಾಶಾಸ್ತ್ರದ ಸೂತ್ರ 2,401 ಜನ ಎನ್ನುತ್ತದೆ. ಅಲ್ಲಿಗೇ ನಿಂತರೆ ಕೆಟ್ಟಿರಿ. ಒಂದೇ ಊರಿನವರು ಹೆಚ್ಚುಕಡಿಮೆ ಒಂದೇ ಶಾಲೆ ಕಂಡವರು, ಅವರ ಉತ್ತರಗಳೂ ಹೋಲುತ್ತವೆ. 0ಯಿಂದ 1ರ ಅಳತೆಯಲ್ಲಿ ಈ ಹೋಲಿಕೆ 0.15 ಎಂದಿಟ್ಟುಕೊಳ್ಳಿ. ಊರಿಗೆ 10 ಜನರನ್ನು ತೆಗೆದುಕೊಂಡರೆ 1 + 9 × 0.15, ಅಂದರೆ 2.35 ಪಟ್ಟು ಜನ ಬೇಕು. 20 ಜನರನ್ನು ತೆಗೆದುಕೊಂಡರೆ 3.85 ಪಟ್ಟು. ಹಾಗಾಗಿ ಊರು ಹೆಚ್ಚಿರಲಿ, ಊರಿಗೊಂದಿಷ್ಟೇ ಜನ ಇರಲಿ. 10ರಂತೆ ಹಿಡಿದರೆ ಸುಮಾರು 5,650 ಜನ, 565 ಊರು ಅಥವಾ ವಾರ್ಡಿನ ಬ್ಲಾಕು. ನಾಲ್ಕರಲ್ಲಿ ಒಬ್ಬರು ಸಿಗುವುದಿಲ್ಲ ಎಂದು ಊರಿಗೆ 14 ಮನೆ ಆರಿಸಿ. ಇದು ದೇಶಕ್ಕೊಂದು ಅಂಕಿ ಕೊಡಲು ಮಾತ್ರ. ಕರ್ನಾಟಕಕ್ಕೆ ಅಷ್ಟೇ ನಿಖರವಾದ ಬೇರೆ ಅಂಕಿ ಬೇಕಾದರೆ ಇಲ್ಲಿಂದಲೇ ಹೆಚ್ಚುಕಡಿಮೆ ಅಷ್ಟೇ ಜನ ಬೇಕು.

ಊರು ಆರಿಸಲು 2011ರ ಪಟ್ಟಿ ನಡೆದೀತು, ಮನೆ ಆರಿಸಲು ನಡೆಯದು. ಆಯ್ದ ಊರಲ್ಲಿ ಮೊದಲು ಓಣಿ ಓಣಿ ಸುತ್ತಿ ಹೊಸ ಮನೆಪಟ್ಟಿ ಮಾಡಿ. ಕಟ್ಟಡ ಕಾರ್ಮಿಕರ ಶೆಡ್ಡು, ಅಂಗಡಿ ಹಿಂದಿನ ಕೋಣೆ ಬಿಟ್ಟುಹೋಗುವುದು ಇಲ್ಲೇ. ಮನೆಯೊಳಗೆ ಯಾರನ್ನು ಪರೀಕ್ಷಿಸಬೇಕೆಂದು ಟ್ಯಾಬ್ಲೆಟ್ ಚೀಟಿ ಎತ್ತಿದಂತೆ ಆರಿಸಲಿ. ಬಾಗಿಲು ತೆರೆದವರನ್ನೇ ಕೂರಿಸಿದರೆ ಹಗಲಲ್ಲಿ ಮನೆಯಲ್ಲಿರುವ ಮುದುಕರು, ಗೃಹಿಣಿಯರೇ ತುಂಬುತ್ತಾರೆ. ಆಯ್ಕೆಯಾದವರು ದುಡಿಯಲು ಹೋಗಿದ್ದರೆ ಸಂಜೆ 7ರ ಮೇಲೆ ಅಥವಾ ಭಾನುವಾರ ಮತ್ತೆ ಹೋಗಿ, ಪಕ್ಕದ ಮನೆಗಲ್ಲ.

ಪ್ರಶ್ನೆಗಳು. ಪಠ್ಯಪುಸ್ತಕದ ಗದ್ಯ ಬೇಡ. ಔಷಧಿ ಚೀಟಿ, ಕರೆಂಟ್ ಬಿಲ್, ಬಸ್ ವೇಳಾಪಟ್ಟಿ, ಗ್ರಾಮ ಪಂಚಾಯಿತಿ ನೋಟಿಸು ತನ್ನಿ. ಅನುವಾದಿಸುವಾಗ ಎಚ್ಚರ: ಒತ್ತಕ್ಷರ ತುಂಬಿದ ಸಂಸ್ಕೃತ ಪದ ಹಾಕಿದರೆ ಬೇರೆ ಭಾಷೆಯಲ್ಲಿ ಸುಲಭವಾಗಿದ್ದ ಪ್ರಶ್ನೆ ಕನ್ನಡದಲ್ಲಿ ಕಠಿಣವಾಗುತ್ತದೆ. ಮನೆಮಾತನ್ನು ನೋಡಿ ಭಾಷೆ ನಿರ್ಧರಿಸಬೇಡಿ. ಉಡುಪಿಯಲ್ಲಿ ತುಳು ಆಡುವವರು ಕನ್ನಡ ಓದುತ್ತಾರೆ. ಬೆಳಗಾವಿಯಲ್ಲಿ ಮರಾಠಿ ಕಾರ್ಡೂ ಚೀಲದಲ್ಲಿರಬೇಕು.

ಲೆಕ್ಕದಲ್ಲಿ ಇನ್ನೂ ಮೋಜಿದೆ. ಪಹಣಿಯಲ್ಲಿ 2.10 ಎಂದರೆ 2 ಎಕರೆ 10 ಗುಂಟೆ. ಅದಕ್ಕೆ 1.35 ಸೇರಿಸಿ ಎಂದರೆ ಕ್ಯಾಲ್ಕುಲೇಟರ್ 3.45 ಅನ್ನುತ್ತದೆ, ರೈತ 4 ಎಕರೆ 5 ಗುಂಟೆ ಅನ್ನುತ್ತಾನೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ರೈತನದೇ ಸರಿ. ಪ್ರಶ್ನೆ ಚೆನ್ನಾಗಿದೆ, ಆದರೂ ಬಳಸಬಾರದು: ಲೆಕ್ಕ ಚೆನ್ನಾಗಿ ಬರುವ ಪೇಟೆಯವರೂ ಗುಂಟೆ ಗೊತ್ತಿಲ್ಲದೆ ತಪ್ಪುತ್ತಾರೆ. ಒಟ್ಟು ಅಂಕ ಸಮಾನವಾಗಿರುವ ಎರಡು ಗುಂಪುಗಳಲ್ಲಿ ಒಂದು ಮಾತ್ರ ಎಡವುವ ಪ್ರಶ್ನೆಯನ್ನು ಪ್ರಾಯೋಗಿಕ ಸುತ್ತಿನಲ್ಲೇ ಕಿತ್ತುಹಾಕಿ. ಆ ಸುತ್ತಿನಲ್ಲಿ ಪ್ರತಿ ಪ್ರಶ್ನೆಗೆ ಕನಿಷ್ಠ 200–300 ಜನರ ಉತ್ತರ ಬೇಕು.

ಎಲ್ಲರಿಗೂ ಎಲ್ಲ ಪ್ರಶ್ನೆ ಕೊಡಲು ಹೋದರೆ ಮೂರು ಗಂಟೆ ಹಿಡಿಯುತ್ತದೆ, ಜನ ಎದ್ದುಹೋಗುತ್ತಾರೆ. ಪ್ರಶ್ನೆಗಳನ್ನು ಹಲವು ಪುಸ್ತಿಕೆಗಳಿಗೆ ಹಂಚಿ, ಪುಸ್ತಿಕೆಗಳ ನಡುವೆ ಕೆಲವು ಸಾಮಾನ್ಯ ಪ್ರಶ್ನೆ ಇಡಿ. ಮೊದಲು ಪುಟ್ಟ ಪರೀಕ್ಷೆ. ಅದರಲ್ಲೇ ಸೋತವರಿಗೆ ದೊಡ್ಡ ಪುಸ್ತಿಕೆ ಕೊಟ್ಟು ನೋಯಿಸಬೇಡಿ. ಬದಲಿಗೆ ಅವರಿಗೆ ‘ಎಮ್ಮೆ ಮರ ಹತ್ತಿ ಪತ್ರಿಕೆ ಓದಿತು’ ಎಂಬುದಕ್ಕೆ ಅರ್ಥವಿದೆಯೇ ಇಲ್ಲವೇ ಎಂಬಂಥ ವಾಕ್ಯಗಳನ್ನು ಕೊಟ್ಟು ಸಮಯ ನೋಡಿ.

ಬಾಗಿಲಲ್ಲಿ. ಅತಿ ಹೆಚ್ಚು ಕೇಳಿಬರುವ ಮಾತು ‘ಕನ್ನಡಕ ಇಲ್ಲ ಸಾರ್’. ಅರ್ಧ ನಿಜ, ಅರ್ಧ ಮರ್ಯಾದೆ ಉಳಿಸಿಕೊಳ್ಳುವ ದಾರಿ. +1ರಿಂದ +3ರವರೆಗಿನ ಓದುವ ಕನ್ನಡಕ ಚೀಲದಲ್ಲಿರಲಿ. ಇಲ್ಲದಿದ್ದರೆ 45 ದಾಟಿದವರಲ್ಲಿ ನೀವು ಅಳೆಯುವುದು ಕಣ್ಣನ್ನು, ಓದನ್ನಲ್ಲ. ಗಂಡ, ಮಕ್ಕಳು ಪಕ್ಕದಿಂದ ಉತ್ತರ ಹೇಳುತ್ತಾರೆ. ತಂಡದಲ್ಲಿ ಇಬ್ಬರಿದ್ದರೆ ಒಬ್ಬರು ಅವರನ್ನು ಜಗಲಿಯಲ್ಲಿ ಮಾತಿಗೆ ಎಳೆಯಲಿ. ಮರುಕಪಟ್ಟು ಪ್ರಶ್ನೆಯನ್ನು ತಾನೇ ಓದಿ ಹೇಳುವ ಸಮೀಕ್ಷಕ ಇನ್ನೂ ಅಪಾಯ.

ಉತ್ತರ ಬರದಿದ್ದರೆ ಕಾರಣಕ್ಕೊಂದು ಕೋಡ್ ಇರಲಿ: ಓದಲು ಬಾರದು, ಭಾಷೆ ಬೇರೆ, ಕಣ್ಣು ಕಾಣದು, ನಿರಾಕರಿಸಿದರು, ಸಿಗಲಿಲ್ಲ. ಓದಲು ಬಾರದೆ ಹಿಂದೆ ಸರಿದವರನ್ನೂ ‘ಸಿಗಲಿಲ್ಲ’ಕ್ಕೆ ಸೇರಿಸಿ ಬಿಟ್ಟರೆ ದೇಶದ ಸರಾಸರಿ ಕೂತಲ್ಲೇ ಏರುತ್ತದೆ.

ಲೆಕ್ಕಾಚಾರ. ನಾಲ್ಕು ವಯಸ್ಕರ ಮನೆಯಿಂದ ಒಬ್ಬರನ್ನು ತೆಗೆದಿದ್ದರೆ ಅವರ ತೂಕ, ಅಂದರೆ ಲೆಕ್ಕದಲ್ಲಿ ಅವರ ಉತ್ತರಕ್ಕಿರುವ ಬೆಲೆ, ನಾಲ್ಕು ಪಟ್ಟು. ಇದನ್ನು ಮರೆತರೆ ಕೂಡು ಕುಟುಂಬಗಳು ಕುಗ್ಗುತ್ತವೆ. ಪ್ರತಿಯೊಬ್ಬರೂ ಕೆಲವೇ ಪ್ರಶ್ನೆ ಬಿಡಿಸಿರುವುದರಿಂದ ಒಬ್ಬೊಬ್ಬರಿಗೂ ಒಂದೊಂದು ಖಚಿತ ಅಂಕ ಕೊಡಲಾಗದು. ಪಿಯಾಕ್ ಪ್ರತಿಯೊಬ್ಬರಿಗೂ 10 ಸಂಭವನೀಯ ಅಂಕ ಕೊಡುತ್ತದೆ. ಮೊದಲೇ ಆ ಹತ್ತರ ಸರಾಸರಿ ತೆಗೆದು ಕೂರಬೇಡಿ. ಇಡೀ ವಿಶ್ಲೇಷಣೆಯನ್ನು ಹತ್ತು ಸಲ ಮಾಡಿ, ಕೊನೆಗೆ ಫಲಿತಾಂಶಗಳ ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ತಪ್ಪಿನ ಅಂತರ ಸುಳ್ಳೇ ಕಿರಿದಾಗಿ ಕಾಣುತ್ತದೆ.

ಸಾಕ್ಷರರು ಇಷ್ಟು, ಅನಕ್ಷರಸ್ಥರು ಇಷ್ಟು ಎಂದು ಎರಡಾಗಿ ಸೀಳದೆ ಹಂತವಾರು ಪ್ರಕಟಿಸಿ. ಪಿಯಾಕ್‌ನಲ್ಲಿ 226ರಿಂದ ಎರಡನೇ ಹಂತ, 276ರಿಂದ ಮೂರನೆಯದು. ಆದರೆ ಪ್ರಶ್ನೆಗಳನ್ನು ಪ್ರಕಟಿಸಬೇಡಿ. ಮುಂದಿನ ಸುತ್ತಿಗೆ ಹೋಲಿಸಬೇಕಾದರೆ ಅವೇ ಮತ್ತೆ ಬೇಕು, ವಾಟ್ಸಾಪಿಗೆ ಹೋದ ಪ್ರಶ್ನೆ ಮತ್ತೆ ಕೆಲಸಕ್ಕೆ ಬಾರದು.