ಕುದುರೆ ಲಾಯದಲ್ಲಿ ಕೆಲಸ ಬೇಕೆ? ಶುರು ಮಾಡುವುದು ಹೀಗೆ

ಕುದುರೆ ಎಂದರೆ ಬೆಂಗಳೂರಿನವರಿಗೆ ರೇಸ್‌ಕೋರ್ಸ್ ರಸ್ತೆ, ಜಾಕಿ, ಬಾಜಿ. ಜಾಕಿ ಒಂದೆರಡು ನಿಮಿಷ ಓಡಿಸುವ ಕುದುರೆಗಾಗಿ ದಿನವಿಡೀ ದುಡಿಯುವ ಸೈಸ್‌ (ಕುದುರೆಯ ಆರೈಕೆ ಮಾಡುವ ಆಳು), ಲಾಳ ಹೊಡೆಯುವವರು, ಪಶುವೈದ್ಯರ ಸಹಾಯಕರು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕೆಲಸಗಳಿಗೆ ಸವಾರಿ ಬರಲೇಬೇಕೆಂದಿಲ್ಲ. ನಸುಕಿನಲ್ಲಿ ಏಳುವ ಅಭ್ಯಾಸವಂತೂ ಬೇಕೇ ಬೇಕು.

ಮೊದಲು ಎಲ್ಲಿ ಕೇಳಬೇಕೆಂದು ತಿಳಿದುಕೊಳ್ಳಿ. ರೇಸ್ ನಡೆಸುವ ಟರ್ಫ್ ಕ್ಲಬ್ಬಿನ ಕುದುರೆಗಳು ಪರವಾನಗಿ ಇರುವ ಟ್ರೇನರ್‌ಗಳ ಸುಪರ್ದಿನಲ್ಲಿರುತ್ತವೆ. ಸೈಸ್‌ಗಳನ್ನು ಇಟ್ಟುಕೊಳ್ಳುವವರೂ ಸಾಮಾನ್ಯವಾಗಿ ಅವರೇ. ಹಾಗಾಗಿ ಕ್ಲಬ್ಬಿನ ಗೇಟಿನಲ್ಲಿ ಅರ್ಜಿ ಹಿಡಿದು ನಿಂತರೆ ಫಲ ಕಡಿಮೆ. ಲಾಯದ ಒಳಗಿನವರ ಪರಿಚಯ ಹಿಡಿದು ಹೋಗಬೇಕು. ಏನೂ ಗೊತ್ತಿಲ್ಲದವರಿಗೆ ದೇವನಹಳ್ಳಿ ಕಡೆಯ ರೈಡಿಂಗ್ ಸ್ಕೂಲ್‌ಗಳೇ ವಾಸಿ. ಅಲ್ಲಿರುವ ಕುದುರೆಗಳು ಮಕ್ಕಳನ್ನು ಹೊತ್ತು ಪಳಗಿದವು, ಹೊಸಬರ ತಪ್ಪು ಸಹಿಸುತ್ತವೆ. ಎರಡು-ಮೂರು ವರ್ಷದ ರೇಸ್ ಕುದುರೆಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಎರಡನೆಯದು, ಹತ್ತಿರ ಹೋಗುವ ರೀತಿ. ಕುದುರೆಗೆ ನೇರ ಹಿಂದೆ ಇರುವುದು ಕಾಣುವುದಿಲ್ಲ, ಹಣೆಯ ಎದುರಿಗೆ ತೀರಾ ಹತ್ತಿರ ಇರುವುದೂ ಕಾಣುವುದಿಲ್ಲ. ಮಾತಾಡಿಸುತ್ತಾ ಎಡ ಭುಜದ ಕಡೆಯಿಂದ ಬನ್ನಿ. ಕಿವಿ ಹಿಂದಕ್ಕೆ ಒತ್ತಿಕೊಂಡರೆ ಅಲ್ಲೇ ನಿಲ್ಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಬೆದರಿದ ಕುದುರೆ ಎಳೆದರೆ ಬೆರಳು ಹೋಗುತ್ತದೆ.

ಮೂರನೆಯದೇ ನಿಜವಾದ ವಿದ್ಯೆ, ಕಾಲು ಎತ್ತುವುದು. ಭುಜದ ಪಕ್ಕ, ಬಾಲದ ಕಡೆಗೆ ಮುಖ ಮಾಡಿ ನಿಲ್ಲಿ. ಅಂಗೈಯನ್ನು ಭುಜದಿಂದ ಕಾಲಿನ ಹಿಂಬದಿಗುಂಟ ಇಳಿಸಿ, ಮಂಡಿಯ ಕೆಳಗೆ ಹುರಿಯಂತೆ ಕೈಗೆ ಸಿಗುವ ಸ್ನಾಯುರಜ್ಜನ್ನು ಮೆಲ್ಲಗೆ ಹಿಸುಕಿ. ಪಳಗಿದ ಕುದುರೆ ತಾನೇ ಕಾಲು ಕೊಡುತ್ತದೆ. ಗೊರಸನ್ನು ಹಿಡಿದು, ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಮಣ್ಣು ಕೆರೆಯಿರಿ. ನಡುವೆ ರಬ್ಬರಿನಂತೆ ಮೆತ್ತಗಿರುವ ತ್ರಿಕೋನ ಭಾಗಕ್ಕೆ ಕೊಕ್ಕೆಯ ಮೊನೆ ತಾಗಬಾರದು. ಅಲ್ಲಿ ಕಪ್ಪು ಕೆಸರಿನಂಥದ್ದು ಕಂಡು ಕೊಳೆತ ವಾಸನೆ ಬಂದರೆ ಥ್ರಷ್ ಸೋಂಕು ಶುರುವಾಗಿದೆ ಎಂದೇ ತಿಳಿಯಿರಿ. ಮಳೆಗಾಲದಲ್ಲಿ ಒದ್ದೆ ಹಾಸು ಬದಲಿಸದ ಲಾಯದಲ್ಲಿ ಇದು ತಪ್ಪದು. ದಿನವೂ ನಾಲ್ಕೂ ಕಾಲು ನೋಡುವ ಸೈಸ್‌ಗೆ ಕುದುರೆ ಕುಂಟುವ ಮೊದಲೇ ಸುಳಿವು ಸಿಕ್ಕಿರುತ್ತದೆ.

ಮೇವು, ನೀರು ಬೇಗ ಕಲಿಯಬಹುದು. ಹೊಟ್ಟೆ ಚಿಕ್ಕದು, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ದಿನಕ್ಕೆ 25ರಿಂದ 45 ಲೀಟರ್ ನೀರು. ಮೇವನ್ನು ಒಮ್ಮೆಲೇ ಬದಲಿಸಬಾರದು. ಕುದುರೆಗೆ ವಾಂತಿ ಮಾಡಲಾಗದು, ಆದ್ದರಿಂದ ಹೊಟ್ಟೆನೋವು ಪ್ರಾಣಕ್ಕೇ ಬರುತ್ತದೆ. ಮತ್ತೆಮತ್ತೆ ಪಕ್ಕೆ ನೋಡಿಕೊಳ್ಳುವುದು, ನೆಲ ಕೆರೆಯುವುದು, ಹೊರಳಾಡುವುದು, ಲದ್ದಿ ಹಾಕದಿರುವುದು ಕಂಡರೆ ಮೇವು ತೆಗೆದು ಡಾಕ್ಟರಿಗೆ ಫೋನ್ ಮಾಡಿ. ಆರೋಗ್ಯವಾಗಿರುವ, ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದವಡೆಯ ಅಂಚಿನಲ್ಲಿ ಬೆರಳಿಟ್ಟು ಎಣಿಸುವುದನ್ನು ಮೊದಲ ವಾರದಲ್ಲೇ ಕಲಿತುಬಿಡಿ.

ಮುಂದೇನು? ಕೆಲವರು ಹೆಡ್ ಸೈಸ್ ಆಗುತ್ತಾರೆ, ಹಗುರ ಮೈಯವರು ಬೆಳಗಿನ ವ್ಯಾಯಾಮಕ್ಕೆ ಕುದುರೆ ಹತ್ತುತ್ತಾರೆ. ಓದುವ ಆಸೆಯಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ಪದವಿಗೆ ಐದೂವರೆ ವರ್ಷ. ನನ್ನನ್ನು ಕೇಳಿದರೆ ಲಾಳದ ಕೆಲಸ ಹಿಡಿಯಿರಿ. ಪ್ರತಿ ಕುದುರೆಗೂ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು, ರೇಸ್ ಇರಲಿ ಬಿಡಲಿ. ಬೆನ್ನು ಗಟ್ಟಿ ಇರಬೇಕು, ಒಬ್ಬ ಒಳ್ಳೆಯ ಕೆಲಸಗಾರನ ಕೈಕೆಳಗೆ ಕೆಲವು ವರ್ಷ ಸವೆಸಬೇಕು.

ಸೇರುವ ಮುನ್ನ ಸಂಬಳದ ಜೊತೆಗೆ ಮೂರು ವಿಷಯ ಕೇಳಿ: ಒಬ್ಬರಿಗೆ ಎಷ್ಟು ಕುದುರೆ, ವಾರದ ರಜೆ ಯಾವಾಗ, ಒದೆ ತಿಂದರೆ ಆಸ್ಪತ್ರೆ ಖರ್ಚು ಯಾರದು. ಧನುರ್ವಾಯು ಚುಚ್ಚುಮದ್ದನ್ನು ಮಾತ್ರ ಯಾರೂ ಹೇಳುವವರೆಗೆ ಕಾಯದೆ ನೀವೇ ಹಾಕಿಸಿಕೊಂಡು ಹೋಗಿ.