ಜೀಪಿನ ಆಕ್ಸಲ್ ಹೌಸಿಂಗ್ ಗಟ್ಟಿ ಮಾಡುವುದು ಹೇಗೆ?

ಸಕಲೇಶಪುರದ ಕಡೆಯ ಕಾಫಿ ತೋಟದ ಜಿಪ್ಸಿಯೊಂದರ ಹಿಂದಿನ ಟೈರು ಒಳಭಾಗದಲ್ಲಿ ಮಾತ್ರ ಸವೆದುಹೋಗಿತ್ತು. ಟೈರು ಬದಲಿಸಿದರು, ಮತ್ತೆ ಅದೇ ಕಥೆ. ಚಕ್ರ ತಿರುಗಿಸುವ ಅಚ್ಚುಗಳನ್ನು (ಆಕ್ಸಲ್) ಒಳಗಿಟ್ಟುಕೊಂಡ ಲೋಹದ ಕವಚವೇ ಹೌಸಿಂಗ್. ಅದರ ಮೇಲೆ ಉಕ್ಕಿನ ಪಟ್ಟಿ ಬೆಸೆಸಿ ಗಟ್ಟಿ ಮಾಡಿಸಿ ಆಗಿನ್ನೂ ಮೂರು ತಿಂಗಳಾಗಿತ್ತು. ಹೌಸಿಂಗ್ ಬಗ್ಗಿದ್ದು ಬಂಡೆಗೆ ಬಡಿದಲ್ಲ. ಒಂದೇ ಉಸಿರಿನಲ್ಲಿ ಮಾಡಿದ ವೆಲ್ಡಿಂಗಿನ ಶಾಖಕ್ಕೆ ಅದು ಬಗ್ಗಿತ್ತು. ಇಂಥದ್ದನ್ನು ನಾನು ಒಂದಲ್ಲ, ನಾಲ್ಕಾರು ಗಾಡಿಗಳಲ್ಲಿ ನೋಡಿದ್ದೇನೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ನಿಜಕ್ಕೂ ಬೇಕಾ ನೋಡಿ

ಗಾಡಿಯ ಭಾರ ಸ್ಪ್ರಿಂಗ್ ಕೂರುವ ಜಾಗದಲ್ಲಿ ಹೌಸಿಂಗನ್ನು ಕೆಳಕ್ಕೆ ಒತ್ತುತ್ತದೆ. ಚಕ್ರಗಳು ಎರಡು ತುದಿಗಳನ್ನು ಮೇಲಕ್ಕೆ ತಳ್ಳುತ್ತವೆ. ಗಾಡಿ ಹಾರಿ ಬಿದ್ದಾಗ ಈ ಜಗ್ಗಾಟ ಹಲವು ಪಟ್ಟು ಜಾಸ್ತಿಯಾಗುತ್ತದೆ. ತುದಿಗಳು ಮೇಲೆದ್ದು ಚಕ್ರದ ತಲೆ ಒಳಕ್ಕೆ ವಾಲುತ್ತದೆ. ದೊಡ್ಡ ಟೈರು ಹಾಕಿ, ಚಕ್ರ ಹೊರಬರಲಿ ಅಂತ ಸ್ಪೇಸರ್ (ಚಕ್ರದ ಹಿಂದೆ ಕೂರಿಸುವ ದಪ್ಪ ಬಿಲ್ಲೆ) ಬೇರೆ ಕೂರಿಸಿದರೆ ಹೌಸಿಂಗಿಗೆ ಇನ್ನೂ ಕಷ್ಟ. ಸ್ಪೇಸರ್ ಬೇಡವೇ ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು.

ಪರೀಕ್ಷೆಗೆ ಗಾರೆಯವರ ತೂಗುಗುಂಡು ಸಾಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ಪಕ್ಕ ದಾರ ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಅಂತ ಅಳೆಯಿರಿ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ರಿಮ್ಮೇ ಸೊಟ್ಟಗಿದ್ದರೆ ಆಗ ಗೊತ್ತಾಗುತ್ತದೆ. ಎರಡು ಸಲವೂ ಮೇಲಂಚು 3 ಮಿ.ಮೀ.ಗಿಂತ ಜಾಸ್ತಿ ಒಳಗಿದ್ದರೆ ನಾನು ಹೌಸಿಂಗ್ ಕಳಚಿಯೇ ನೋಡುತ್ತೇನೆ. ಬಗ್ಗಿದ್ದನ್ನು ಮೊದಲು ನೇರ ಮಾಡಿಸಬೇಕು. ಬಗ್ಗಿದ ಮೇಲೆಯೇ ಪಟ್ಟಿ ಹೊಡೆದರೆ ಸೊಟ್ಟವನ್ನೇ ಗಟ್ಟಿ ಮಾಡಿದಂತೆ.

ಕಳಚಿ, ಪೂರ್ತಿ ಬರಿದು ಮಾಡಿ

ಗಾಡಿಯಡಿ ಮಲಗಿ ವೆಲ್ಡಿಂಗ್ ಮಾಡಬೇಡಿ. ಆಯಿಲ್ ಇಳಿಸಿ, ಆಕ್ಸಲ್ ಶಾಫ್ಟ್, ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಗೇರುಗಳು), ಬ್ರೇಕ್ ಪೈಪು, ಸೀಲು, ಬ್ರೀದರ್ (ಗಾಳಿ ಆಡುವ ಸಣ್ಣ ಕಿಂಡಿ) ಎಲ್ಲ ತೆಗೆದು ಹೌಸಿಂಗನ್ನು ಹೊರಗೆ ತನ್ನಿ. ಒಳಗೂ ಹೊರಗೂ ಜಿಡ್ಡು ತೊಳೆದು, ಬಣ್ಣ ಉಜ್ಜಿ, ಕಬ್ಬಿಣ ಬೆಳ್ಳಗೆ ಕಾಣುವ ತನಕ ಗ್ರೈಂಡರ್ ಹಿಡಿಯಿರಿ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಹಾರಿಸಿ ಓದಬೇಡಿ. ಸ್ಪ್ರೇ ಡಬ್ಬಿಯ ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದರ ಪಸೆ ಉಳಿದಿರುವಾಗ ವೆಲ್ಡಿಂಗ್ ಕಿಡಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಜೀವಕ್ಕೇ ಅಪಾಯ. ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಸಾಕು.

ನಿಮ್ಮದು ಯಾವ ಹೌಸಿಂಗ್?

ಜಿಪ್ಸಿಯದು ಉಕ್ಕಿನ ತಗಡನ್ನು ಒತ್ತಿ ಮಾಡಿದ ಹೌಸಿಂಗ್. ಅದಕ್ಕೆ ವೆಲ್ಡಿಂಗ್ ಸುಲಭವಾಗಿ ಹಿಡಿಯುತ್ತದೆ, ಬಗ್ಗುವುದೂ ಅಷ್ಟೇ ಸುಲಭ. ಹಳೆಯ ಮಹೀಂದ್ರ ಜೀಪುಗಳಲ್ಲಿ ನಡುವೆ ಎರಕದ ಕಬ್ಬಿಣದ ಗುಂಡು, ಅದರ ಎರಡೂ ಬದಿಗೆ ತೂರಿಸಿದ ಉಕ್ಕಿನ ಕೊಳವೆ. ಎರಕಕ್ಕೆ ಮಾಮೂಲಿ ವೆಲ್ಡಿಂಗ್ ರಾಡ್ ಹಿಡಿದರೆ ಆ ಕ್ಷಣಕ್ಕೆ ಅಂಟಿದಂತೆ ಕಾಣುತ್ತದೆ. ತಣ್ಣಗಾಗುವಾಗ 'ಟಿಣ್' ಅಂತ ಸದ್ದು ಬರುತ್ತದೆ. ಅದು ಬಿರುಕು ಬಿಟ್ಟ ಸದ್ದು. ಎರಕಕ್ಕೆ ನಿಕಲ್ ರಾಡೇ ಬೇಕು, ಮೊದಲು ಬಿಸಿ ಮಾಡಬೇಕು, ಆಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಮುಚ್ಚಿ ನಿಧಾನಕ್ಕೆ ಆರಲು ಬಿಡಬೇಕು. ಇದನ್ನು ಮಾಡಿ ಗೊತ್ತಿರುವ ವೆಲ್ಡರ್ ಸಿಗದಿದ್ದರೆ ಎರಕವನ್ನು ಮುಟ್ಟಬೇಡಿ. ಮುಂದೆ ಹೇಳುವುದೆಲ್ಲ ಜಿಪ್ಸಿ ಥರದ ಉಕ್ಕಿನ ಹೌಸಿಂಗಿಗೆ.

ಪಟ್ಟಿ ಕತ್ತರಿಸುವುದು

ಹೌಸಿಂಗಿನ ಬೆನ್ನ ಮೇಲೆ ಸೇತುವೆಯ ಹಾಗೆ ಕೂರುವ ಈ ಪಟ್ಟಿಗೆ ಟ್ರಸ್ ಅನ್ನುತ್ತಾರೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ. ಸ್ಪ್ರಿಂಗ್ ಪೂರ್ತಿ ಅದುಮಿದಾಗ ಬಂಪ್ ಸ್ಟಾಪ್ (ಆಕ್ಸಲ್ ಬಡಿಯದಂತೆ ತಡೆಯುವ ರಬ್ಬರ್ ತುಂಡು), ಸೈಲೆನ್ಸರ್, ಪೆಟ್ರೋಲ್ ಟ್ಯಾಂಕ್ ಯಾವುದಕ್ಕೂ ತಾಗಬಾರದು. ಆಮೇಲೆ 5 ಮಿ.ಮೀ. ಮೈಲ್ಡ್ ಸ್ಟೀಲ್ ಪ್ಲೇಟಿನಲ್ಲಿ ಕತ್ತರಿಸಿ. ದಪ್ಪಕ್ಕಿಂತ ಎತ್ತರ ಮುಖ್ಯ. ಪಟ್ಟಿಯ ಎತ್ತರ ಎರಡು ಪಟ್ಟಾದರೆ ಬಗ್ಗದಿರುವ ಗುಣ ಎಂಟು ಪಟ್ಟಾಗುತ್ತದೆ, ದಪ್ಪ ಎರಡು ಪಟ್ಟಾದರೆ ಬರೀ ಎರಡು ಪಟ್ಟು. 10 ಮಿ.ಮೀ. ಪ್ಲೇಟು ಸುಮ್ನೆ ಭಾರ. ಪಟ್ಟಿಯ ತುದಿ ಥಟ್ಟನೆ ನಿಲ್ಲದೆ ಮೀನಿನ ಬಾಲದಂತೆ ಸಣ್ಣಗಾಗುತ್ತ ಹೋಗಲಿ. ಕೊಳವೆಗೆ ಅಡ್ಡಲಾಗಿ ಬಳೆ ತೊಡಿಸಿದಂತೆ ವೆಲ್ಡ್ ಹೊಡೆದರೆ ಮುಂದೆ ಅಲ್ಲೇ ಮುರಿಯುತ್ತದೆ.

ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿಯನ್ನು ಉದ್ದಕ್ಕೆ ಬೆಸೆಯುವವರಿದ್ದಾರೆ. ಬೇಡ. ಆ ಕಂಬಿಗೆ ಗಟ್ಟಿತನ ಬಂದಿರುವುದು ಕಾಯಿಸಿ ನೀರಲ್ಲಿ ತಣಿಸಿದ್ದರಿಂದ. ಮತ್ತೆ ಕಾಯಿಸಿದ ಜಾಗದಲ್ಲಿ ಅದು ಹೋಗುತ್ತದೆ. ರೆಡಿಮೇಡ್ ಕಿಟ್ ಕೊಳ್ಳುವುದಾದರೆ ಕ್ಯಾಲಿಪರ್ ಹಿಡಿದು ದಪ್ಪ ಅಳೆಯಿರಿ. ಮೇಲೆ ಹೊಳೆಯುವ ಬಣ್ಣ, ಒಳಗೆ 2 ಮಿ.ಮೀ. ತಗಡು ಇರುವ ಕಿಟ್ಟುಗಳನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ.

ವೆಲ್ಡಿಂಗ್: ಇಡೀ ದಿನ ಇದಕ್ಕೇ ಇಡಿ

ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಬೆನ್ನ ಮೇಲೆ ಬೆಸೆದರೆ ಬೆನ್ನು ಕುಗ್ಗಿ ಎರಡೂ ತುದಿ ಮೇಲೇಳುತ್ತವೆ. ಅಂದರೆ, ಬಂಡೆ ಮೇಲಿಂದ ಹಾರಿ ಬಿದ್ದರೆ ಹೇಗೆ ಬಗ್ಗುತ್ತದೋ ಹಾಗೆಯೇ! ಇದನ್ನು ತಡೆಯುವುದೇ ಇಡೀ ಕೆಲಸದ ಜೀವಾಳ.

ಡಿಫರೆನ್ಷಿಯಲ್ ಕೂರುವ ಮುಖಕ್ಕೆ ಗುಜರಿಯಿಂದ ತಂದ ಹಳೆಯ ಡಿಫರೆನ್ಷಿಯಲ್ ಕೇಸನ್ನು ಎಲ್ಲ ಬೋಲ್ಟ್ ಹಾಕಿ ಬಿಗಿಯಿರಿ. ಇಲ್ಲದಿದ್ದರೆ ಆ ಮುಖ ತಿರುಚಿಕೊಂಡು ಆಯಿಲ್ ಸೋರುವುದು ತಪ್ಪುವುದಿಲ್ಲ. ಹೌಸಿಂಗನ್ನು ದಪ್ಪ ಐ-ಬೀಮ್ ಮೇಲಿಟ್ಟು, ನಡುವೆ ಆಪು ಕೊಟ್ಟು, ಎರಡೂ ತುದಿಗಳನ್ನು ಕೆಳಕ್ಕೆ ಕ್ಲಾಂಪ್ ಮಾಡಿ.

ಈಗ ಅಳತೆ. ಎರಡು ಅಡಿ ಉದ್ದದ ಎರಡು ನೇರ ಪಟ್ಟಿಗಳನ್ನು ಎರಡೂ ತುದಿಯ ಬ್ರೇಕ್ ಪ್ಲೇಟ್ ಫ್ಲೇಂಜುಗಳಿಗೆ (ಬ್ರೇಕ್ ಪ್ಲೇಟು ಬೋಲ್ಟ್ ಆಗುವ ಚಪ್ಪಟೆ ಮುಖ) ನೆಟ್ಟಗೆ ನಿಲ್ಲಿಸಿ ಬಿಗಿಯಿರಿ. ಪಟ್ಟಿಗಳ ಮೇಲ್ತುದಿಗಳ ನಡುವೆ ಎಷ್ಟಿದೆ, ಕೆಳತುದಿಗಳ ನಡುವೆ ಎಷ್ಟಿದೆ ಅಂತ ಸೀಮೆಸುಣ್ಣದಲ್ಲಿ ಬೀಮಿನ ಮೇಲೇ ಬರೆದಿಡಿ. ಮೇಲಿನ ಅಳತೆ ಕಮ್ಮಿಯಾಗತೊಡಗಿದರೆ ತುದಿಗಳು ಏಳುತ್ತಿವೆ ಎಂದೇ ಅರ್ಥ.

ವೆಲ್ಡಿಂಗ್ ರಾಡ್ 7018 ನಂಬರಿನದು ಇರಲಿ. ಪೇಟೆಯಲ್ಲಿ ಎಲ್ಲೆಂದರಲ್ಲಿ ಸಿಗುವ 6013 ಗೇಟು, ಗ್ರಿಲ್ಲಿಗೆ ಸರಿ, ಇದಕ್ಕಲ್ಲ. ಆದರೆ 7018ಕ್ಕೆ ತೇವ ಆಗಿಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಬಳಸಿದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ ಬಿರುಕು ಬರುತ್ತದೆ. ಹೊಸ ಪ್ಯಾಕೆಟ್ ಒಡೆಯಿರಿ, ಇಲ್ಲವೇ ರಾಡ್ ಕಾಯಿಸುವ ಓವನ್ ಇರುವ ವರ್ಕ್‌ಶಾಪಿಗೆ ಹೋಗಿ.

ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ. ಅಳೆಯಿರಿ. ಆಮೇಲೆ ಒಂದು ಸಲಕ್ಕೆ ಒಂದೇ ಇಂಚು. ಬಲತುದಿಯಲ್ಲಿ ಒಂದಿಂಚು, ಎಡತುದಿಯಲ್ಲಿ ಒಂದಿಂಚು, ಮುಂಬದಿ ಒಂದು, ಹಿಂಬದಿ ಒಂದು. ನಿಲ್ಲಿಸಿ. ಬರಿಗೈ ಇಟ್ಟು ಹತ್ತು ಎಣಿಸಲು ಆಗುವಷ್ಟು ಆರಲಿ. ಕ್ಲಾಂಪ್ ಸಡಿಲಿಸಿ ಅಳೆದು, ಮತ್ತೆ ಬಿಗಿದು ಮುಂದುವರಿಯಿರಿ. ವೆಲ್ಡರ್‌ಗೆ ಬೇಜಾರಾಗುತ್ತದೆ, ಗೊತ್ತು. ಟೀ ಕುಡಿಸಿ, ಊಟ ಹಾಕಿಸಿ, ಆದರೆ ಅವಸರ ಮಾತ್ರ ಮಾಡಿಸಬೇಡಿ. ಬೇಗ ಆರಲಿ ಅಂತ ಮಗ್ಗಿನಲ್ಲಿ ನೀರು ಎರಚುವುದು ಎಲ್ಲ ಕಡೆ ಕಾಣುವ ಕೆಟ್ಟ ಚಾಳಿ. ಅದರಿಂದ ಬೆಸುಗೆಯ ಸುತ್ತಲಿನ ಉಕ್ಕು ಪೆಡಸಾಗಿ ಬಿರುಕು ಬಿಡಬಹುದು.

ಇಷ್ಟಾದರೂ ಒಂದೆರಡು ಮಿ.ಮೀ. ಎದ್ದರೆ ಗಾಬರಿ ಬೇಡ. ಹೊಟ್ಟೆಯ ಕಡೆ ಗ್ಯಾಸ್ ಟಾರ್ಚಿನಲ್ಲಿ ಸಣ್ಣ ಜಾಗವನ್ನು ಮಂಕು ಕೆಂಪಾಗುವ ತನಕ ಕಾಯಿಸಿ ತಾನಾಗಿ ಆರಲು ಬಿಡಿ. ಅದು ಕುಗ್ಗಿ ತುದಿಗಳನ್ನು ಕೆಳಕ್ಕೆ ಎಳೆಯುತ್ತದೆ. ಕೈ ಪಳಗಿದವರೇ ಮಾಡಲಿ.

ಜೋಡಿಸುವ ಮುನ್ನ

ಬೆಸುಗೆಯ ಹೊರಗೆ ಸೀಮೆಸುಣ್ಣದ ಪುಡಿ ನೀರಲ್ಲಿ ಕಲಸಿ ಬಳಿದು ಒಣಗಿಸಿ. ಒಳಗಿನಿಂದ ಬೆಸುಗೆಯ ಬೆನ್ನಿಗೆ ಸೀಮೆಎಣ್ಣೆ ಸವರಿ ರಾತ್ರಿಯಿಡೀ ಬಿಡಿ. ಎಲ್ಲೋ ಸೂಜಿಮೊನೆಯಷ್ಟು ತೂತಿದ್ದರೂ ಬಿಳಿಯ ಮೇಲೆ ಕಪ್ಪು ಕಲೆ ಮೂಡುತ್ತದೆ. ಅಲ್ಲಿ ಕೆತ್ತಿ ಮತ್ತೆ ಬೆಸೆಯಿರಿ.

ಆಮೇಲೆ ಬಣ್ಣ, ಹೊಸ ಸೀಲು, ಹೊಸ ಗ್ಯಾಸ್ಕೆಟ್, ಫಿಲ್ಲರ್ ತೂತಿನ ಅಂಚಿನವರೆಗೆ ಹೊಸ ಗೇರ್ ಆಯಿಲ್. ಹಳೆಯ ಸೀಲನ್ನೇ ಹಾಕಿ ಇನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ರಸ್ತೆಗಿಳಿಯುವ ಗಾಡಿಯಾದರೆ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಡಿವಾಣ ಹಾಕುತ್ತದೆ.

ನೂರು ಕಿ.ಮೀ. ಓಡಿಸಿದ ಮೇಲೆ ಯು-ಬೋಲ್ಟುಗಳನ್ನು (ಹೌಸಿಂಗನ್ನು ಸ್ಪ್ರಿಂಗಿಗೆ ಕಟ್ಟಿ ಹಿಡಿಯುವ U ಆಕಾರದ ಬೋಲ್ಟು) ಮತ್ತೆ ಬಿಗಿಯಿರಿ. ಮೊದಲ ಕಾಡುದಾರಿ ಸವಾರಿ ಮುಗಿಸಿ ಬಂದ ಸಂಜೆ, ಕೆಸರು ತೊಳೆದ ಕೂಡಲೇ, ಅದೇ ತೂಗುಗುಂಡನ್ನು ಮತ್ತೆ ಇಳಿಬಿಟ್ಟು ಅಳತೆ ಬರೆದಿಟ್ಟುಕೊಳ್ಳಿ.